ಭಯೋತ್ಪಾದಕನ ಕೈಗೆ ಕೆಂಪು ಪಟ್ಟಿ

ನಿವೃತ್ತಿ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲಧಿಕಾರಿಯ ಬಾಯಲ್ಲಿ ನಮ್ಮ ಬಗ್ಗೆ ಸಿಹಿಯಾದ ನಾಲ್ಕು ಸುಳ್ಳು. ನನಗೆ ಇದಾವುದೂ ಸಿಗಲಿಲ್ಲ. ನಾನು ಮೂವತ್ನಾಲ್ಕಕ್ಕೇ ನಿವೃತ್ತನಾದೆ. ಆದೇಶ ಹೊರಡಿಸಿದವರು ಸಿಡ್ನಿಯ ಒಬ್ಬ ಹೃದಯತಜ್ಞರು. "ಇನ್ನು ಮೇಲೆ ಸಾಯುವ ಕೆಲಸಕ್ಕೆ ಹೋಗಬೇಡಿ" ಎಂದರು. ಅವರು ತಮಾಷೆ ಮಾಡಲಿಲ್ಲ. ಸಾಯುವುದೇ ನನ್ನ ಉದ್ಯೋಗವಾಗಿತ್ತು.

ಭಯೋತ್ಪಾದಕರ ದಾಳಿಯಾದರೆ ಏನು ಮಾಡಬೇಕೆಂದು ಆಸ್ಟ್ರೇಲಿಯಾದ ಪೊಲೀಸರು, ಆಂಬ್ಯುಲೆನ್ಸಿನವರು, ಆಸ್ಪತ್ರೆಯವರು ಆಗಾಗ ಅಣಕು ಕಾರ್ಯಾಚರಣೆ ನಡೆಸುತ್ತಾರೆ. ಅದಕ್ಕೆ ಗಾಯಾಳುಗಳು ಬೇಕು, ಹೆಣಗಳು ಬೇಕು, ಮಗನನ್ನು ಹುಡುಕುತ್ತಾ ಅರಚುವ ತಾಯಿ ಬೇಕು, ದಾಳಿ ಮಾಡಿದವನೂ ಬೇಕು. ಇವೆಲ್ಲವನ್ನೂ ನಾನು ಮಾಡಿದ್ದೇನೆ, ತಾಯಿಯೂ ಸೇರಿ. ಈಚೆಗೆ ಇದೇ ಕೆಲಸಕ್ಕೆ ಸೇರಿರುವ ಕನ್ನಡದ ಹುಡುಗಿಯೊಬ್ಬಳು "ಗುರು ಅಣ್ಣಾ, ಇದ್ರಲ್ಲಿ ಕಲಿಯೋದು ಏನಿರತ್ತೆ? ಬಿದ್ಕೊಳ್ಳೋದು ತಾನೇ?" ಎಂದು ಮೆಸೇಜು ಕಳಿಸಿದ್ದಳು. ಬಿದ್ದುಕೊಳ್ಳುವುದೇ, ತಂಗಿ. ಆದರೆ ಹೇಗೆ ಬಿದ್ದುಕೊಳ್ಳುವುದು, ಎತ್ತುವವರು ಯಾರು ಎಂಬುದನ್ನು ಹೇಳುತ್ತೇನೆ, ಕೇಳು.

ನಾನು ಉಡುಪಿ ಕಡೆಯವನು. ಶಾಲೆಯಲ್ಲಿ ಹೆಡ್‌ಮಾಸ್ತರರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮಿ ಪೆಟ್ಟು ತಿಂದವನು. ಓದಲೆಂದು ಮೆಲ್ಬರ್ನಿಗೆ ಬಂದು, ಕ್ಲೇಟನ್ನಿನ ಒಂದು ಬಾಡಿಗೆ ಮನೆಯಲ್ಲಿ ಮೂವರು ಹುಡುಗರ ಜೊತೆ ಒಂದೇ ಕುಕ್ಕರಿನಲ್ಲಿ ಬದುಕುತ್ತಿದ್ದೆ. ಓನರ್ ರೆಂಟ್ ಕೇಳುವ ಧಾಟಿಯನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಬಾತ್‌ರೂಮಿನಲ್ಲಿದ್ದವನು ಸೋಪು ಹಚ್ಚಿಕೊಂಡ ಮೈಯಲ್ಲೇ ಹೊರಗೆ ಓಡಿಬಂದಿದ್ದ. ಅವನೇ ಸೇಡಿಗೋ ಏನೋ, ವೈದ್ಯ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಸುಳ್ಳು ರೋಗಿಗಳು ಬೇಕಂತೆ ಎಂದು ನನ್ನ ಹೆಸರು ಕೊಟ್ಟ.

ಮೊದಲ ದಿನ ನನಗೆ ಅಪೆಂಡಿಸೈಟಿಸ್. ಬಲಗಡೆ ಒತ್ತಿದರೆ ಮಾತ್ರ ಕಿರುಚಬೇಕು. ಪರೀಕ್ಷೆಗೆ ಬಂದ ಹುಡುಗಿ ಗಾಬರಿಯಲ್ಲಿ ಎಡಗಡೆ ಒತ್ತಿದಳು. ಪಾಪ ಅನ್ನಿಸಿ ಅಲ್ಲಿಯೂ ಕಿರುಚಿದೆ. ಆಕೆ ಖುಷಿಯಿಂದ ಕಿಡ್ನಿಯಲ್ಲಿ ಕಲ್ಲು ಎಂದು ಬರೆದು ಫೇಲಾದಳು. ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡಿದ ಬಿಳಿಗೂದಲಿನ ಹೆಂಗಸೊಬ್ಬಳು ನನ್ನನ್ನು ಹೊರಗೆ ಕರೆದಳು.

"ಕರುಣೆ ತೋರಿಸೋಕೆ ನಿನ್ನನ್ನ ಕರೆದಿಲ್ಲ. ನಿನ್ನ ಕರುಣೆಯಿಂದ ಅವಳು ನಾಳೆ ಒಬ್ಬನನ್ನ ಕೊಲ್ತಾಳೆ" ಎಂದಳು. ಆಮೇಲೆ, "ಕಿರುಚಾಟ ಮಾತ್ರ ಚೆನ್ನಾಗಿತ್ತು. ಶನಿವಾರ ಹೆಣಗಳು ಬೇಕು. ಬರ್ತೀಯಾ?"

ಅವಳೇ ಹೆಲೆನ್. ಹುಟ್ಟಿ ಬೆಳೆದದ್ದು ಬೆಲ್‌ಫಾಸ್ಟಿನಲ್ಲಿ, ಅಲ್ಲಿ ಬಾಂಬುಗಳು ಸಿಡಿಯುತ್ತಿದ್ದ ವರ್ಷಗಳಲ್ಲಿ. ಅಲ್ಲೇ ನರ್ಸಾಗಿದ್ದು, ಇಲ್ಲಿಗೆ ಬಂದು ಆಂಬ್ಯುಲೆನ್ಸಿನಲ್ಲಿ ದುಡಿದು, ಈಗ ಈ ಅಣಕು ದಾಳಿಗಳ ಉಸ್ತುವಾರಿ ನೋಡುತ್ತಿದ್ದಳು. ನನ್ನ ಬದುಕಿನಲ್ಲಿ ನಾನು ಹೆದರಿದ, ಹಾಗೂ ಅತಿ ಹೆಚ್ಚು ಅನುಕರಿಸಿದ ಮೇಲಧಿಕಾರಿ ಅವಳೊಬ್ಬಳೇ. ಮಧ್ಯಾಹ್ನ ಶಿಳ್ಳೆ ಊದಿ "ಡೆಡ್ ಪೀಪಲ್, ಲಂಚ್!" ಎಂದು ಕೂಗುತ್ತಿದ್ದಳು. ರಕ್ತ ಮೆತ್ತಿಕೊಂಡ ಹೆಣಗಳೆಲ್ಲ ಎದ್ದು ಸ್ಯಾಂಡ್‌ವಿಚ್ಚಿಗೆ ಸಾಲು ನಿಲ್ಲುತ್ತಿದ್ದವು. ಸಸ್ಯಾಹಾರಿ ಹೆಣ ನಾನೊಬ್ಬನೇ.

ನನ್ನ ಮೊದಲ ಸಾವು ಮೆಲ್ಬರ್ನಿನ ಹೊರವಲಯದ ಪಾಳುಬಿದ್ದ ರೈಲ್ವೆ ಶೆಡ್ಡಿನಲ್ಲಿ. ಚಳಿಗೆ ಮುದುಡಿ ಮಲಗಿದವನಿಗೆ ಗಾಢ ನಿದ್ದೆ ಬಂತು. ನನ್ನ ಮೇಲೆ ಬಟ್ಟೆ ಮುಚ್ಚಲು ಬಂದ ಪೊಲೀಸಿನವನು ಗೊರಕೆ ಕೇಳಿ ಮೂರು ಹೆಜ್ಜೆ ಹಿಂದೆ ಹಾರಿದ. ಹೆಲೆನ್ ಆ ದಿನ ನನಗೆ ಬೈಯಲಿಲ್ಲ. ಹೆಣದ ಕೆಲಸದಿಂದ ಬಿಡಿಸಿ ಗಾಯಾಳುಗಳ ಗುಂಪಿಗೆ ಹಾಕಿದಳು. ನನ್ನ ವೃತ್ತಿಯಲ್ಲಿ ಬಡ್ತಿ ಎಂಬುದು ಅದೊಂದೇ.

ಕೆಲವೇ ತಿಂಗಳಲ್ಲಿ ನನ್ನ ಗಡ್ಡ ಬೆಳೆಯಿತು, ನನ್ನನ್ನು ಭಯೋತ್ಪಾದಕನನ್ನಾಗಿ ಮಾಡಿದರು. ಗಡ್ಡವೊಂದೇ ಅರ್ಹತೆ. ಆ ಕಾಲದ ಕಥೆಗಳೆಲ್ಲ ಒಂದೇ ಥರ: ದೊಡ್ಡ ಸ್ಫೋಟ, ಗಡ್ಡದವನು, ಅರ್ಥವಾಗದ ಭಾಷೆಯಲ್ಲಿ ಆರ್ಭಟ. ಆರ್ಭಟಕ್ಕೆ ಭಾಷೆ ಯಾವುದೆಂದು ಯಾರೂ ಹೇಳಲಿಲ್ಲವಾಗಿ ನಾನು ತುಳುವಿನಲ್ಲಿ ಮೀನು ಮಾರುವವರ ಹಾಗೆ ಕೂಗುತ್ತಿದ್ದೆ. "ತಾಜಾ ಬಂಗುಡೆ" ಎಂದರೆ ಕಮಾಂಡೊಗಳು ನೆಲಕ್ಕೆ ಬೀಳುತ್ತಿದ್ದರು. ವಾರಕ್ಕೊಮ್ಮೆ ಫೋನಿನಲ್ಲಿ ಅಮ್ಮ, "ಎಂತ ಕೆಲಸ ಮಾರಾಯ ನಿಂದು? ಒಂದು ವಾರ ಸಾಯುದು, ಒಂದು ವಾರ ಕೊಲ್ಲುದು. ಬ್ಯಾಂಕಲ್ಲಿ ಎಂತದೂ ಇಲ್ವಾ?" ಎನ್ನುತ್ತಿದ್ದಳು.

ವರ್ಷಗಳು ಕಳೆದಂತೆ ಕಥೆ ಬದಲಾಯಿತು. ಬಾಂಬಿನ ಜಾಗಕ್ಕೆ ಚಾಕು ಬಂತು, ಜನರ ಮೇಲೆ ನುಗ್ಗುವ ವ್ಯಾನು ಬಂತು, ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ದ್ವೇಷ ಕಲಿತ ಒಂಟಿ ಹುಡುಗ ಬಂದ. ಒಂದು ದಿನ ಹೊಂಬಣ್ಣದ ಕೂದಲಿನ ಹುಡುಗನೊಬ್ಬನಿಗೆ ದಾಳಿಕೋರನ ಪಾತ್ರ ಕೊಟ್ಟು ನನ್ನನ್ನು ಕಾಫಿ ಕುಡಿಯುವ ಗಿರಾಕಿಯಾಗಿ ಕೂರಿಸಿದರು. ಅವನ ಗುಂಡಿಗೆ ನಾನು ಸತ್ತಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಕೆಲಸದ ಕ್ರಮವೂ ಬದಲಾಯಿತು. ಮೊದಮೊದಲು ಪೊಲೀಸರು ಇಡೀ ಜಾಗ ಸುರಕ್ಷಿತ ಎನ್ನುವ ತನಕ ಆಂಬ್ಯುಲೆನ್ಸಿನವರು ಹೊರಗೇ ಕಾಯುತ್ತಿದ್ದರು. ನಾವು ಒಳಗೆ ರಕ್ತ ಸುರಿಸಿ ಸುರಿಸಿ ಸಾಯುತ್ತಿದ್ದೆವು. ಹೆಲೆನ್ ಪ್ರತಿ ಸಲ ಸತ್ತವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇವರೆಲ್ಲ ನೀವು ಕಾದಿದ್ದಕ್ಕೆ ಸತ್ತವರು, ಪರಿಚಯ ಮಾಡಿಕೊಳ್ಳಿ" ಎಂದು ಅಧಿಕಾರಿಗಳ ಕೈ ಕುಲುಕಿಸುತ್ತಿದ್ದಳು. ಈಗ ಪೊಲೀಸರ ಬೆನ್ನಿಗೇ ವೈದ್ಯಕೀಯ ತಂಡವೂ ಒಳಗೆ ಬರುತ್ತದೆ.

ಬೇರೆ ದೇಶಗಳವರೂ ನೋಡಲು ಬರುತ್ತಿದ್ದರು. ಒಂದು ದೇಶದವರು ದಾಳಿಕೋರನಾಗಿ ಬಿದ್ದಿರುತ್ತಿದ್ದ ನನ್ನತ್ತ ಬೆರಳು ತೋರಿಸಿ "ಇವನನ್ನು ಯಾಕೆ ಬದುಕಿಸುತ್ತೀರಿ?" ಎಂದು ಕೇಳುತ್ತಿದ್ದರು. ಇನ್ನೊಂದು ದೇಶದವರು "ಇವನ ಮನೆಯವರಿಗೆ ವಿಷಯ ತಿಳಿಸುವವರು ಯಾರು?" ಎನ್ನುತ್ತಿದ್ದರು. ಪ್ರಶ್ನೆ ಕೇಳಿದರೆ ಸಾಕು, ಯಾರು ಯಾವ ಥರದ ಕಾಲವನ್ನು ದಾಟಿ ಬಂದಿದ್ದಾರೆಂದು ತಿಳಿಯುತ್ತಿತ್ತು.

ಇಲ್ಲಿ ಎರಡು ಸಂಗತಿ ಹೇಳಬೇಕು. ಇವು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಒಂದು, 'ನೋ ಡಫ್'. ಅಣಕು ದಾಳಿಯಲ್ಲಿ "ಅಯ್ಯೋ ಸತ್ತೆ, ನಿಜವಾಗಿಯೂ ಸತ್ತೆ" ಎಂದು ಎಷ್ಟು ಕೂಗಿದರೂ ಎಲ್ಲರೂ ನಾಟಕವೆಂದೇ ತಿಳಿಯುತ್ತಾರೆ. ಹಾಗಾಗಿ ನಿಜಕ್ಕೂ ಏನಾದರೂ ಆದರೆ ಹೇಳಬೇಕಾದ ಮಾತು 'ನೋ ಡಫ್'. ಅದನ್ನು ಕೇಳಿದೊಡನೆ ಎಲ್ಲವೂ ನಿಲ್ಲಬೇಕು. ನಾನು ಅದನ್ನು ಒಮ್ಮೆ ಹೇಳಿದ್ದೆ. ಒಂದು ದೊಡ್ಡ ಇರುವೆ ನನ್ನ ಪ್ಯಾಂಟಿನೊಳಗೆ, ಹೇಳಬಾರದ ಜಾಗದಲ್ಲಿ, ಕಚ್ಚಿತ್ತು. ಹೆಲಿಕಾಪ್ಟರು ಸಹಿತ ಎಲ್ಲ ನಿಂತಿತು. ಇಡೀ ಪಡೆಯ ಎದುರು ಹೆಲೆನ್, "ಇರುವೆಗಾ?" ಎಂದಳು. ಆಮೇಲೆ ನನ್ನ ಹೆಸರೇ 'ಇರುವೆ' ಆಯಿತು.

ಎರಡು, ಕೊರಳಿನ ಕಾರ್ಡು. ನಾಟಕದ ಗಾಯಾಳುವಿನ ನಾಡಿ ನೋಡಿದರೆ ಸಿಗುವುದು ಆರಾಮಾಗಿ ತಿಂಡಿ ತಿಂದು ಬಂದವನ ನಾಡಿ. ಹಾಗಾಗಿ ಪ್ರತಿಯೊಬ್ಬರ ಕೊರಳಲ್ಲೂ ಒಂದು ಕಾರ್ಡು ತೂಗುಹಾಕಿ ಗಾಯ ಎಲ್ಲಿ, ಉಸಿರು ಹೇಗೆ, ನಾಡಿ ಎಷ್ಟು ಎಂದು ಬರೆದಿರುತ್ತಾರೆ. ಡಾಕ್ಟರು, ನರ್ಸು ಬಂದು ಕಾರ್ಡು ಓದಿ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಕೆಂಪು ಎಂದರೆ ತಕ್ಷಣ ನೋಡಬೇಕು. ಹಳದಿ ಎಂದರೆ ಕಾಯಬಹುದು. ಹಸಿರು ನಡೆದಾಡಬಲ್ಲವರಿಗೆ. ಕಪ್ಪು ಯಾರಿಗೆಂದು ಹೇಳಬೇಕಾಗಿಲ್ಲ. ದಿನವಿಡೀ ನಮ್ಮನ್ನು ಯಾರೂ ಮುಟ್ಟುತ್ತಿರಲಿಲ್ಲ, ಓದುತ್ತಿದ್ದರು.

ಹೆಲೆನ್ ಸಿಡ್ನಿಗೆ ಹೋದಾಗ ನಾನೂ ಹೋದೆ. ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಒಂದು ಫ್ಲ್ಯಾಟು ಹಿಡಿದೆ. ಅಲ್ಲಿ ಸಿಕ್ಕವಳು ಶೈಲಕ್ಕ. ಹುಬ್ಬಳ್ಳಿಯವಳು, ಗಿರಾವೀನಿನಲ್ಲಿ ಮನೆ, ಒಂದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಿರಿಯ ನರ್ಸು. ದಾಳಿಯಾದ ದಿನ ಸ್ಥಳಕ್ಕೆ ಹೋಗಿ ಯಾರಿಗೆ ಯಾವ ಪಟ್ಟಿ ಎಂದು ತೀರ್ಮಾನಿಸುವ ತಂಡಕ್ಕೆ ಒಬ್ಬ ಮುಖ್ಯಸ್ಥೆ ಬೇಕಾಗಿತ್ತು. ಶೈಲಕ್ಕನಿಗೆ ಆ ಜಾಗ ಬೇಕಿತ್ತು, ಬಹಳ ಬೇಕಿತ್ತು. ಅಣಕು ದಾಳಿಯಲ್ಲಿ ಅವಳು ಹೇಗೆ ಮಾಡುತ್ತಾಳೆ ಎಂಬುದರ ಮೇಲೆ ಅದು ನಿಂತಿತ್ತು.

ಆ ದಿನ ನಾನು ದಾಳಿಕೋರ. ಜನರ ಮೇಲೆ ಗುಂಡು ಹಾರಿಸಿ, ಪೊಲೀಸರಿಂದ ಹೊಟ್ಟೆಗೆ ಗುಂಡು ತಿಂದು ಬಿದ್ದಿದ್ದೇನೆ. ಬಂದೂಕು ಕಿತ್ತುಕೊಂಡಾಗಿದೆ, ಕೈಗೆ ಕೋಳ ಬಿದ್ದಿದೆ. ಕಾರ್ಡಿನ ಪ್ರಕಾರ ನನಗೆ ಕೆಂಪು ಪಟ್ಟಿ. ಶೈಲಕ್ಕ ಮಿಂಚಿನ ಹಾಗೆ ಓಡಾಡುತ್ತಿದ್ದಳು, ಒಂದೂ ತಪ್ಪಲಿಲ್ಲ. ನನ್ನ ಹತ್ತಿರ ಬಂದಳು, ಒಂದು ಹೆಜ್ಜೆ ದೂರದಲ್ಲೇ ನಿಂತು ಕಾರ್ಡು ಓದಿದಳು, ನನ್ನ ಮುಖ ನೋಡಿದಳು. ಹಳದಿ ಪಟ್ಟಿಯನ್ನು ನನ್ನ ಎದೆಯ ಮೇಲೆ ಎಸೆದು ಹೋದಳು. ಕಟ್ಟಲೂ ಇಲ್ಲ. ಸ್ವಲ್ಪ ಹೊತ್ತಿಗೆ ಹೆಲೆನ್ ಬಂದು ನನ್ನ ಕೈಗೆ ಕಪ್ಪು ಪಟ್ಟಿ ಕಟ್ಟಿ "ಸತ್ತೆ, ಇರುವೆ" ಎಂದು ಪಿಸುಗುಟ್ಟಿದಳು.

ಮುಗಿದ ಮೇಲೆ ಎಲ್ಲರನ್ನೂ ಕೂರಿಸಿದರು.

"ಶೈಲಾ, ಇವನಿಗೆ ಹಳದಿ ಯಾಕೆ?" ಎಂದಳು ಹೆಲೆನ್.

"ಅವನ ಗುಂಡು ತಿಂದವರು ಇನ್ನೂ ಅಲ್ಲೇ ಬಿದ್ದಿದ್ದರು."

"ಅವರೆಲ್ಲ ಹಳದಿ. ಇವನು ಕೆಂಪು."

"ಗೊತ್ತು" ಎಂದಳು ಶೈಲಕ್ಕ. "ಗೊತ್ತಿದ್ದೇ ಕಟ್ಟಲಿಲ್ಲ."

ನೋಡಲು ಬಂದವರಲ್ಲಿ ದಕ್ಷಿಣ ಅಮೆರಿಕದ ಒಬ್ಬ ವೈದ್ಯರಿದ್ದರು. ಅವರು ನಿಧಾನವಾಗಿ ಹೇಳಿದರು: ಅವರ ಕಡೆ ಕಾಡಿನ ಬಂಡುಕೋರರಿಗೆ ಬ್ಯಾಂಡೇಜು ಕಟ್ಟಿದ ವೈದ್ಯರನ್ನು ಸರ್ಕಾರ ಜೈಲಿಗೆ ಹಾಕಿತಂತೆ. ಆಮೇಲೆ ಗಾಯಗೊಂಡವರು ಊರಿನ ಆಸ್ಪತ್ರೆಗೆ ಬರುವುದನ್ನು ಬಿಟ್ಟರು. ಶರಣಾಗಬಹುದಾಗಿದ್ದವರೂ ಕಾಡಿನಲ್ಲೇ ಉಳಿದರು. ಆಮೇಲಾಮೇಲೆ ಊರಿನವರೂ ಆಸ್ಪತ್ರೆಗೆ ಬರಲು ಹೆದರಿದರು. ಶೈಲಕ್ಕ ಎದ್ದು ಹೊರಗೆ ಹೋದಳು.

ಸಂಜೆ ಅವಳ ಕಾರಿನಲ್ಲೇ ನನಗೆ ಲಿಫ್ಟು. ಅವಳನ್ನು ನಗಿಸಲೆಂದು ನಾನು ಹೆಲೆನ್‌ಳ ಧ್ವನಿಯಲ್ಲಿ "ಶೈಲಾ, ಸಿಗ್ನಲ್ಲಿಗೆ ಹಳದಿ ಯಾಕೆ?" ಎಂದೆ. ಅವಳು ನಗಲಿಲ್ಲ.

"ಬಾಯಿ ಮುಚ್ಚಲೇ ತಮ್ಮಾ. ನಿನಗ ಎಲ್ಲಾ ಚ್ಯಾಷ್ಟಿ."

"ಸಾರಿ ಅಕ್ಕ."

ಪ್ಯಾರಮಾಟ ದಾಟಿದ ಮೇಲೆ ಅವಳೇ ಮಾತು ತೆಗೆದಳು. "ನಮ್ಮೂರ ಕಡೆ ಅಲ್ಲ, ಬ್ಯಾರೆ ಊರಾಗ, ಮಾರ್ಕೆಟ್ನ್ಯಾಗ ಬಾಂಬ್ ಇಟ್ಟಿದ್ರು. ನನ್ ತಮ್ಮ ಅಲ್ಲಿದ್ದ. ದವಾಖಾನಿಗೆ ಎಲ್ಲಾರ್ನೂ ತಂದು ಒಗದ್ರು. ಯಾರ ಮಂದಿ ಜೋರ್ ಕೂಗ್ತಾರ, ಅವರನ್ನ ಮೊದ್ಲ ನೋಡಿದ್ರು. ನನ್ ತಮ್ಮ ಸುಮ್ನ ಬಿದ್ದಿದ್ದ. ಸುಮ್ನ ಇದ್ದಾಂವನ್ನ ಯಾರೂ ನೋಡ್ಲಿಲ್ಲ. ಕಾಲು ಹೋತು."

ನನ್ನ ಹತ್ತಿರ ಎಷ್ಟೋ ಧ್ವನಿಗಳಿದ್ದವು, ಆ ಹೊತ್ತಿಗೆ ಒಂದೂ ಒದಗಲಿಲ್ಲ.

"ಅದಕ್ಕ ಈ ಕೆಲಸಕ್ಕ ಬಂದೆ. ಯಾರೂ ಹಂಗ ಬೀಳಬಾರ್ದು ಅಂತ. ಇವತ್ತ ನಾನ ಒಬ್ಬನ್ನ ಹಂಗ ಬಿಟ್ಟೆ. ಗೊತ್ತದ ನನಗ. ಆದ್ರ ನಿನ್ ಮಾರಿ ನೋಡಿದ ಕೂಡ್ಲೆ ಕೈ ಮುಂದ ಹೋಗ್ಲಿಲ್ಲ. ನೀನ ಅಂತ ಗೊತ್ತಿದ್ರೂ!"

"ಅಷ್ಟು ಚೆನ್ನಾಗಿ ಮಾಡಿದೆನಾ?" ಎಂದುಬಿಟ್ಟೆ. ಕಾರು ನಿಲ್ಲಿಸಿ ಇಳಿಸುತ್ತಾಳೆ ಎಂದುಕೊಂಡೆ. ಅವಳಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. "ಮಂಗ್ಯಾ" ಎಂದಳು.

ಮರುವಾರ ಹೆಲೆನ್ ಅವಳನ್ನು ಚಹಾಕ್ಕೆ ಕರೆದಳು. ನನಗೆ ಆಮಂತ್ರಣವಿರಲಿಲ್ಲ, ಆದರೂ ಹೋಗಿದ್ದೆ. ಹೆಲೆನ್ ಉಪದೇಶ ಮಾಡಲಿಲ್ಲ. ಬೆಲ್‌ಫಾಸ್ಟಿನಲ್ಲಿ ತಾನು ಎಳೆಯ ನರ್ಸಾಗಿದ್ದಾಗ ಬಾಂಬು ಇಟ್ಟವನೂ ಅದರಿಂದ ಕೈ ಕಳೆದುಕೊಂಡವನೂ ಅಕ್ಕಪಕ್ಕದ ಹಾಸಿಗೆಯಲ್ಲಿದ್ದರಂತೆ. "ಬಾಂಬಿಟ್ಟವನನ್ನ ನೋಡಿದ್ರೆ ನನಗೆ ಅವನ ಹಾಸಿಗೆ ದಾಟಿ ಹೋಗಿಬಿಡಬೇಕು ಅನ್ನಿಸ್ತಿತ್ತು. ನಮ್ಮ ಹಿರಿಯ ನರ್ಸ್ ಒಂದು ಉಪಾಯ ಹೇಳಿಕೊಟ್ಟಳು. ಮುಖ ನೋಡಬೇಡ, ಮೊದಲು ಕೈ ಇಡು. ನಾಡಿ ಎಣಿಸೋಕೆ ಶುರು ಮಾಡು. ಎಣಿಸ್ತಾ ಇರೋವಾಗ ದ್ವೇಷ ಮಾಡೋದು ಕಷ್ಟ, ಲೆಕ್ಕ ತಪ್ಪತ್ತೆ."

"ಆದರೆ ಡ್ರಿಲ್ಲಿನಲ್ಲಿ ನಾಡಿ ಕಾರ್ಡಿನಲ್ಲೇ ಇರುತ್ತದಲ್ಲ?" ಎಂದಳು ಶೈಲಕ್ಕ.

"ಇರಲಿ. ನೀನು ಕೈ ಇಡು."

ಎರಡನೆಯ ಅವಕಾಶ ಬಂದದ್ದು ಬೇಸಿಗೆಯಲ್ಲಿ, ಪಶ್ಚಿಮ ಸಿಡ್ನಿಯ ಒಂದು ಖಾಲಿ ಕಾರ್ ಪಾರ್ಕಿನಲ್ಲಿ. ಮತ್ತೆ ನಾನೇ ದಾಳಿಕೋರ. ಅದೇ ಕೋಳ, ಅದೇ ಕಾರ್ಡು, ಮೈಮೇಲೆ ಭಾರದ ಸುಳ್ಳು ಬಾಂಬಿನ ಅಂಗಿ. ಓಡಿದೆ, ಆರ್ಭಟಿಸಿದೆ, ಗುಂಡು ತಿಂದು ಬಿದ್ದೆ. ಅಂಗಿ ಬಿಚ್ಚಿಸಿ, ಕೋಳ ಹಾಕಿ ಪೊಲೀಸರು ಮುಂದೆ ಹೋದರು.

ಬಿದ್ದ ಮೇಲೆ ಎದೆಯಲ್ಲಿ ಏನೋ ಹೊರಳಿದ ಹಾಗಾಯಿತು. ಆಮೇಲೆ ಹೃದಯ ಓಡತೊಡಗಿತು. ನಾನು ಮಲಗಿದ್ದೇನೆ, ಅದು ಮಾತ್ರ ಓಡುತ್ತಿದೆ. ಸೆಕೆ ಎಂದುಕೊಂಡೆ. ಕಣ್ಣಿನ ಅಂಚಿನಿಂದ ಕತ್ತಲೆ ಒಳಕ್ಕೆ ಬರತೊಡಗಿತು. 'ನೋ ಡಫ್' ಎನ್ನಬೇಕು ಎಂದು ಗೊತ್ತಿತ್ತು. ಆ ಕ್ಷಣದಲ್ಲೂ ನನ್ನ ಮಂಗಬುದ್ಧಿಗೆ ಹೊಳೆದದ್ದು 'ಇರುವೆಗಾ?' ಎಂಬ ಮಾತು. ಇನ್ನೊಂದು ಚಣ ನೋಡೋಣ ಎಂದುಕೊಂಡೆ. ಆಮೇಲೆ ಹೇಳಲು ಬಾಯಿ ತೆರೆದೆ, ಧ್ವನಿ ಬರಲಿಲ್ಲ. ಎಲ್ಲರ ಧ್ವನಿ ಮಾಡುತ್ತಿದ್ದವನಿಗೆ ತನ್ನದೇ ಧ್ವನಿ ಇಲ್ಲ.

ಒಬ್ಬ ಯುವ ಡಾಕ್ಟರು ನನ್ನನ್ನು ದಾಟುತ್ತಾ ಕಾರ್ಡು ಓದಿ, "ವಾಹ್, ಇವನು ಬೆವರೋದನ್ನೂ ನಟಿಸ್ತಾನೆ" ಎಂದು ಮೆಚ್ಚಿ ಹೋದ. ನನಗೆ ಸಿಕ್ಕ ಕೊನೆಯ ಪ್ರಶಂಸೆ ಅದು. ಅದಾದ ಮೇಲೆ ಕಂಡದ್ದು ನೆಲಕ್ಕೂರಿದ ಶೈಲಕ್ಕನ ಮೊಣಕಾಲು. ಅವಳು ನನ್ನ ಮುಖ ನೋಡಲಿಲ್ಲ. ನೇರ ಕತ್ತಿನ ಮೇಲೆ ಬೆರಳಿಟ್ಟಳು.

ಮುಂದಿನದು ಹೆಲೆನ್, ಶೈಲಕ್ಕ ಇಬ್ಬರೂ ಹೇಳಿದ್ದು. ಶೈಲಕ್ಕ ಕಾರ್ಡು ಒಮ್ಮೆ ನೋಡಿದಳು, ಮತ್ತೆ ಕತ್ತು ಒತ್ತಿದಳು. ಎಣಿಸಲಾರದಷ್ಟು ಜೋರಾಗಿ ಓಡುತ್ತಿದ್ದ ನಾಡಿ ಅವಳ ಬೆರಳಿನ ಕೆಳಗೇ ಇಲ್ಲವಾಯಿತು. "ನೋ ಡಫ್! ನೋ ಡಫ್!" ಎಂದು ಕೂಗಿದಳು. ಸುತ್ತ ಇದ್ದವರು ಇದೂ ಕಥೆಯ ಭಾಗವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅವಳು ಹುಬ್ಬಳ್ಳಿಯ ಕನ್ನಡದಲ್ಲಿ "ಏ, ಖರೇನ ಸಾಯಾಕತ್ಯಾನ, ಬರ್ರೋ!" ಎಂದು ಅರಚಿ ನನ್ನ ಎದೆ ಒತ್ತತೊಡಗಿದಳು. ಒಬ್ಬರಿಗೂ ಭಾಷೆ ತಿಳಿಯದಿದ್ದರೂ ಎಲ್ಲರೂ ಓಡಿಬಂದರು. ಯಾರೋ ಶಾಕ್ ಕೊಡುವ ಯಂತ್ರ ತಂದರು. ಅದು ಡ್ರಿಲ್ಲಿನ ಆಟಿಕೆ. ಅದನ್ನು ಒದ್ದು, ಒತ್ತುವುದನ್ನು ನಿಲ್ಲಿಸದೆ, ನಿಜವಾದ ಆಂಬ್ಯುಲೆನ್ಸಿನಿಂದ ನಿಜವಾದ ಯಂತ್ರ ತರಿಸಿದಳು. ಹೆಲೆನ್ ನನ್ನ ಕೋಳ ಬಿಚ್ಚಿದಳು. ಒಂದು ಶಾಕಿಗೆ ನಾನು ತಿರುಗಿ ಬಂದೆ.

ಹೃದಯದ ತಾಳ ತಪ್ಪುವ ದೋಷವಂತೆ, ಹುಟ್ಟಿನಿಂದಲೇ ಇದ್ದದ್ದು ಈಗ ತೋರಿಸಿಕೊಂಡಿತು. ಈಗ ನನ್ನ ಭುಜದ ಕೆಳಗೆ ಚರ್ಮದೊಳಗೆ, ತಾಳ ತಪ್ಪಿದರೆ ತಾನೇ ಶಾಕ್ ಕೊಡುವ ಒಂದು ಪುಟ್ಟ ಯಂತ್ರವಿದೆ. ವಿಮಾನ ನಿಲ್ದಾಣಗಳಲ್ಲಿ ಆ ಯಂತ್ರದ ಕಾರ್ಡು ತೋರಿಸಿ ಪಕ್ಕಕ್ಕೆ ನಿಲ್ಲಬೇಕು. ಇಷ್ಟು ವರ್ಷ ನಾಟಕದ ಬಾಂಬು ಕಟ್ಟಿಕೊಂಡವನು ಈಗ ಎದೆಯಲ್ಲಿ ನಿಜವಾದ ಬ್ಯಾಟರಿ ಇಟ್ಟುಕೊಂಡು "ಹೆದರಬೇಡಿ ಸರ್" ಎನ್ನುತ್ತೇನೆ. ಮಕ್ಕಳ ಕಥೆಗಳಿಗೆ ಧ್ವನಿ ಕೊಡುವ ಕೆಲಸ ಸಿಕ್ಕಿದೆ. ನರಿ, ಕಾಗೆ, ಮೊಸಳೆ ಎಲ್ಲ ನಾನೇ. ಅಮ್ಮನಿಗೆ ಸಮಾಧಾನವಾಗಿದೆ. ಅಣಕು ದಾಳಿಗಳಲ್ಲಿ ಕ್ರಮವೂ ಬದಲಾಗಿದೆ: ಹೆಲೆನ್‌ಳ ತಂಡದಲ್ಲಿ ಈಗ ಕಾರ್ಡು ಓದುವ ಮೊದಲು ಪ್ರತಿ ಗಾಯಾಳುವನ್ನೂ ಮುಟ್ಟಿ ನೋಡಲೇಬೇಕು. ತಂಗಿ, ನಿನ್ನ ಮಣಿಕಟ್ಟು ಯಾರಾದರೂ ಹಿಡಿದರೆ ಕಚಗುಳಿ ಎಂದು ಕೈ ಎಳೆದುಕೊಳ್ಳಬೇಡ. ಇರುವೆ ಕಚ್ಚಿದರೂ ನಾಚದೆ 'ನೋ ಡಫ್' ಎನ್ನು.

ಆ ದಿನದ ಡ್ರಿಲ್ಲು ಅರ್ಧಕ್ಕೇ ನಿಂತದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಶೈಲಕ್ಕನಿಗೆ ಮೂರನೆಯ ಸಲ ಪರೀಕ್ಷೆ. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ದಾಳಿಕೋರನಾಗಿದ್ದವನು ಯಾರೋ ಹೊಸಬ, ಅವಳಿಗೆ ಗುರುತಿಲ್ಲದವನು, ಕಿರುಚಾಟ ಸುಮಾರು. ಅವಳು ಬಗ್ಗಿ ಅವನ ಕತ್ತಿನ ಮೇಲೆ ಬೆರಳಿಟ್ಟಳು, ಎಣಿಸಿದಳು, ಕೆಂಪು ಪಟ್ಟಿಯನ್ನು ಎಸೆಯದೆ ಗಂಟು ಹಾಕಿ ಕಟ್ಟಿದಳು. ಆ ಜಾಗ ಅವಳಿಗೆ ಸಿಕ್ಕಿತು.

ಮುಗಿದ ಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು ನೀರು ಕುಡಿದಳು. ಆಸ್ಪತ್ರೆಯಲ್ಲಿ ಮಲಗಿದ್ದಾಗಿನಿಂದ ಕೇಳಬೇಕೆಂದಿದ್ದ ಮಾತನ್ನು ಆಗ ಕೇಳಿದೆ.

"ಅಕ್ಕ, ಆ ದಿನ ನಾನು ಕಿರುಚದೆ ಸುಮ್ಮನೆ ಬಿದ್ದಿದ್ದು ನೋಡಿ ಗುರುಗೆ ಎಂತದೋ ಆಗಿದೆ ಅಂತ ಓಡಿ ಬಂದದ್ದಲ್ವಾ?"

ಅವಳು ನನ್ನನ್ನು ನೋಡಿದಳು. ನನ್ನ ಸಮಾಧಾನಕ್ಕೆ ಹೌದು ಎನ್ನಬಹುದಿತ್ತು.

"ಇಲ್ಲೋ ತಮ್ಮಾ. ನಿನ್ನ ಸಲುವಾಗಿ ಬರ್ಲಿಲ್ಲ ನಾ. ನೀನು ಅನ್ನೂದು ನೆನಪ ಇರ್ಲಿಲ್ಲ. ಮಂದಿ ಮ್ಯಾಲೆ ಗುಂಡ ಹಾರ್ಸಿ ಬಿದ್ದಿದ್ನಲ್ಲ, ಅಂವನ ಸಲುವಾಗಿ ಬಂದೆ."

ಆಮೇಲೆ ನೀರಿನ ಬಾಟಲಿ ಕೆಳಗಿಟ್ಟು, "ತಾ ಇಲ್ಲಿ" ಎಂದು ನನ್ನ ಕೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ ಬೆರಳಿಟ್ಟು, ಬೇರೆಲ್ಲೋ ನೋಡುತ್ತಾ ಎಣಿಸತೊಡಗಿದಳು. ಲೆಕ್ಕ ತಪ್ಪಬಾರದೆಂದು ನಾನು ಬಾಯಿ ಮುಚ್ಚಿ ಕೂತೆ.